ಮಾತು ಕೊಡುವ ಮುನ್ನ: ಆಪ್ತಸಮಾಲೋಚನೆಯ ಇಂಟರ್ನ್‌ಗಳಿಗೆ ಗೋಪ್ಯತೆಯ ಬಗ್ಗೆ

ಗೆಳೆಯರೇ, ನಮಸ್ಕಾರ.

ಇನ್ನು ಸ್ವಲ್ಪ ದಿನದಲ್ಲಿ ನೀವು ಕ್ಲೈಂಟ್‌ಗಳ ಎದುರು ಕೂರುತ್ತೀರಿ. ಗೋಪ್ಯತೆ ಕಾಪಾಡಬೇಕು ಅಂತ ಪರೀಕ್ಷೆಯಲ್ಲಿ ಬರೆದು ಬಂದಿದ್ದೀರಿ. ಆದರೆ 16 ವರ್ಷದ ಹುಡುಗಿಯೊಬ್ಬಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ, ಆಮೇಲೆ ಹೇಳ್ತೀನಿ" ಅಂದರೆ ಏನು ಮಾಡುತ್ತೀರಿ?

"ಖಂಡಿತ ಹೇಳಲ್ಲ" ಅಂತ ಬಾಯಿಗೆ ಬಂದೇಬಿಡುತ್ತದೆ. ದಯವಿಟ್ಟು ಆ ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿಲ್ಲ. ನೀವು ನೋಡುವ ಪ್ರತಿ ಕೇಸನ್ನೂ ಸೂಪರ್‌ವೈಸರ್ ಜೊತೆ ಚರ್ಚಿಸಲೇಬೇಕು. ಅದಕ್ಕೇ ನಾನು ಹೇಳೋದು, ಗುಟ್ಟಿನ ಮಿತಿ ಏನು ಅನ್ನುವುದು ಗುಟ್ಟು ಹೊರಬೀಳುವ ಮೊದಲೇ ಕ್ಲೈಂಟ್‌ಗೆ ಗೊತ್ತಿರಬೇಕು.

ಮೊದಲ ಸೆಷನ್‌ನಲ್ಲೇ ಹೀಗೆ ಹೇಳಿ: "ನಾನಿನ್ನೂ ತರಬೇತಿಯಲ್ಲಿದ್ದೇನೆ. ಇಲ್ಲಿ ಆಡಿದ ಮಾತನ್ನು ನನ್ನ ಸೂಪರ್‌ವೈಸರ್ ಜೊತೆ ಚರ್ಚೆ ಮಾಡ್ತೀನಿ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ, ಮಗುವಿನ ಮೇಲೆ ದೌರ್ಜನ್ಯ ನಡೀತಿದೆ ಅಂತ ತಿಳಿದರೆ, ನಾನು ಸುಮ್ನಿರೋಕಾಗಲ್ಲ. ಕೋರ್ಟ್ ಕೇಳಿದರೂ ಕೆಲವು ಸಲ ಹೇಳಬೇಕಾಗುತ್ತೆ. ಉಳಿದದ್ದು ನಮ್ಮಲ್ಲೇ ಇರುತ್ತೆ." ಇಷ್ಟು ಕೇಳಿದರೆ ಕ್ಲೈಂಟ್ ಬಾಯಿ ಬಿಡುವುದಿಲ್ಲ ಅಂತ ಅನೇಕ ಇಂಟರ್ನ್‌ಗಳಿಗೆ ಭಯ. ಕೆಲವರು ಆ ದಿನ ಬಿಡುವುದಿಲ್ಲ, ನಿಜ. ಅದು ಅವರ ಹಕ್ಕು. ಎಷ್ಟು ಹೇಳಬೇಕು ಅಂತ ತಿಳಿದುಕೊಂಡು ಅವರೇ ತೀರ್ಮಾನಿಸಲಿ.

ಈಗ ಆ ಹುಡುಗಿ ತೋಳು ಮೇಲೆತ್ತಿ ಕೊಯ್ದ ಗುರುತು ತೋರಿಸಿದಳು ಅಂದುಕೊಳ್ಳಿ. ತಕ್ಷಣ ಅಮ್ಮನಿಗೆ ಫೋನ್ ಮಾಡಬೇಕಾ? ಮೊದಲು ಕೇಳಿ. ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ? ಅದಕ್ಕೆ ಬೇಕಾದ್ದು ಕೈಗೆ ಸಿಗುತ್ತಾ? ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುವುದಿಲ್ಲ. ನೋವು ತಡೆಯಲಾರದೆ ಕೈ ಕೊಯ್ದುಕೊಳ್ಳುವವರೆಲ್ಲ ಸಾಯಲು ಹೊರಟವರಲ್ಲ. ಹಾಗಂತ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಅಪಾಯ ಎಷ್ಟಿದೆ ಅಂತ ಅಳೆಯುವುದು ನಿಮ್ಮೊಬ್ಬರ ಕೆಲಸವಲ್ಲ. ಅವಳು ಎದ್ದು ಹೋಗುವ ಮೊದಲೇ ಸೂಪರ್‌ವೈಸರ್ ಜೊತೆ ಮಾತಾಡಿ. ಅವರು ಸಿಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದನ್ನು ಇಂಟರ್ನ್‌ಶಿಪ್‌ನ ಮೊದಲ ದಿನವೇ ತಿಳಿದುಕೊಂಡಿರಿ.

1984ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕೆರನ್ ಕಿಚನರ್ ನಮ್ಮ ವೃತ್ತಿಗೆ ಐದು ನೈತಿಕ ತತ್ವಗಳನ್ನು ಮುಂದಿಟ್ಟರು: ಕ್ಲೈಂಟ್‌ನ ಸ್ವಾತಂತ್ರ್ಯ, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ, ಕೊಟ್ಟ ಮಾತಿಗೆ ನಿಷ್ಠೆ. ಐದೂ ಒಂದೇ ಕಡೆ ಎಳೆದರೆ ಕಷ್ಟವೇ ಇರುತ್ತಿರಲಿಲ್ಲ, ಅಲ್ವಾ?

ಟಾರಾಸಾಫ್ ಪ್ರಕರಣ ನೋಡಿ. 1969ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಬ್ಬ ವಿದ್ಯಾರ್ಥಿ ಟಟಿಯಾನಾ ಟಾರಾಸಾಫ್ ಅನ್ನುವ ಯುವತಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞರ ಬಳಿ ಹೇಳಿದ. ಅವರು ಸುಮ್ಮನೆ ಕೂರಲಿಲ್ಲ, ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು ವಿಚಾರಿಸಿ ಬಿಟ್ಟುಬಿಟ್ಟರು. ಆ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ಅವನು ಅವಳನ್ನು ಕೊಂದ. ಅಪಾಯದಲ್ಲಿರುವವರನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವುದು ಚಿಕಿತ್ಸಕರ ಹೊಣೆ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ಗಮನಿಸಿ, ಯಾರಿಗೋ ಒಬ್ಬರಿಗೆ ತಿಳಿಸಿದೆ ಅನ್ನುವಷ್ಟಕ್ಕೆ ಹೊಣೆ ಮುಗಿಯಲಿಲ್ಲ. ಈ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ನೀವು ಕೆಲಸ ಮಾಡುವ ಕಡೆ ಏನಿದೆ ಅಂತ ಮೊದಲೇ ಓದಿಕೊಳ್ಳಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಸಣ್ಣ ಸೋರಿಕೆಗಳದ್ದು. ಲಿಫ್ಟ್‌ನಲ್ಲಿ "ಇವತ್ತು ಒಂದು ಕೇಸ್ ಬಂದಿತ್ತು" ಅಂತ ಶುರುವಾಗುವ ಮಾತು. ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳುವ ಸಲಹೆ. ಹೆಸರು ತೆಗೆದರೆ ಸಾಕು ಅಂದುಕೊಳ್ಳುತ್ತೇವೆ. ವಯಸ್ಸು, ಓದುವ ಕಾಲೇಜು, ಅಪ್ಪನ ಕೆಲಸ ಸೇರಿಸಿದರೆ ಗುರುತು ಸಿಕ್ಕೇಬಿಡುತ್ತದೆ. ಇಲ್ಲಿ ಯಾರ ಜೀವ ಉಳಿಸಲೂ ಅಲ್ಲ, ನಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಗುಟ್ಟು ಹೊರಹಾಕುತ್ತೇವೆ. ಮನಸ್ಸು ಭಾರವಾದರೆ ಅದನ್ನು ಸೂಪರ್‌ವಿಷನ್‌ಗೆ ತನ್ನಿ.

ಹೊರಗೆ ಹೇಳಲೇಬೇಕಾದಾಗ, ಆದಷ್ಟೂ ಹುಡುಗಿಗೆ ಮೊದಲು ತಿಳಿಸಿ. "ಅಮ್ಮನಿಗೆ ನೀನೇ ಹೇಳ್ತೀಯಾ? ನಾನು ಪಕ್ಕದಲ್ಲಿರ್ತೀನಿ" ಅಂತ ಕೇಳಿ. ಅಮ್ಮನಿಗೆ ಗೊತ್ತಾಗಬೇಕಾದ್ದು ಮಗಳ ಜೀವಕ್ಕಿರುವ ಅಪಾಯ, ಈಗ ಮನೆಯಲ್ಲಿ ಏನು ಮಾಡಬೇಕು ಅನ್ನುವುದು. ಅವಳ ಪ್ರೀತಿ, ಗೆಳತಿಯರ ಜಗಳ ಅದರಲ್ಲಿ ಬರಬೇಕಿಲ್ಲ. ಅಮ್ಮ ಅಳುತ್ತಾ "ಇನ್ನೇನು ಹೇಳಿದಳು?" ಅಂತ ಕೇಳುತ್ತಾರೆ. ಅಲ್ಲಿ ಗಟ್ಟಿಯಾಗಿ, ಮೃದುವಾಗಿ ನಿಲ್ಲಿ.

ಅದೇ ದಿನ ನೋಟ್ಸ್ ಬರೆಯಿರಿ: ಏನು ಗೊತ್ತಿತ್ತು, ಬೇರೆ ದಾರಿ ಯಾವುದಿತ್ತು, ಯಾರನ್ನು ಕೇಳಿದಿರಿ, ಯಾಕೆ ಹೀಗೆ ಮಾಡಿದಿರಿ. ಮುಂದಿನ ಸಲ ಅವಳು ಬಂದರೆ "ಅಮ್ಮನಿಗೆ ಹೇಳಿದ್ದು ನಿನಗೆ ಹೇಗನ್ನಿಸ್ತು?" ಅಂತಲೇ ಶುರು ಮಾಡಿ. ಬೈದರೆ ಪೂರ್ತಿ ಕೇಳಿಸಿಕೊಳ್ಳಿ, ಸಮರ್ಥನೆಗೆ ಇಳಿಯಬೇಡಿ. ಬರದೇ ಹೋದರೆ, ಅವಳನ್ನು ಯಾರು ಹೇಗೆ ಸಂಪರ್ಕಿಸಬೇಕು ಅಂತ ಸೂಪರ್‌ವೈಸರ್ ಜೊತೆ ಅಂದೇ ತೀರ್ಮಾನಿಸಿ.