ಮೂರನೇ ಓನರ್‌ನ ಗಾಡಿ

ಕೇಳುಗರಿಗೆ ನಮಸ್ಕಾರ.

ಹಳೇ ಕಾರು ಮಾರುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಒಂದು ಲಕ್ಷ ಕಿಲೋಮೀಟರ್ ಓಡಿದ ಬೇರೆ ಗಾಡಿ ತೋರಿಸುವಾಗ ಮಾರುವವನು ಸ್ವಲ್ಪ ಸಂಕೋಚಪಡುತ್ತಾನೆ. ಎರಡು ಲಕ್ಷ ಓಡಿದ ಟೊಯೊಟಾ ಇನ್ನೋವಾ ತೋರಿಸುವಾಗ ಅವನ ದನಿಯೇ ಬೇರೆ. “ಎಂಜಿನ್ ಈಗಿನ್ನೂ ಸೆಟ್ ಆಗಿದೆ ಸಾರ್” ಅನ್ನುತ್ತಾನೆ. ವ್ಯಾಪಾರದ ಮಾತು, ನಿಜ. ಆದರೆ ಬೇರೆ ಗಾಡಿ ಪಕ್ಕ ನಿಂತು ಅದೇ ಮಾತು ಹೇಳಲು ಅವನಿಗೂ ಧೈರ್ಯ ಸಾಲದು.

ಟೊಯೊಟಾ ಕಂಪನಿಗೆ ನಮ್ಮಲ್ಲಿ ಹೆಸರು ಬಂದದ್ದು ಶೋರೂಮಿನಲ್ಲಿ ಹಾರ ಹಾಕಿಸಿ ಫೋಟೋ ತೆಗೆಸಿಕೊಂಡವರಿಂದ ಅಂತ ನನಗೆ ಅನ್ನಿಸುವುದಿಲ್ಲ. ಅವರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು, ಆಮೇಲೆ ಬಂದ ಮೂರನೇ ಓನರು, ಸಂಬಳಕ್ಕೆ ಓಡಿಸಿದ ಡ್ರೈವರು, ಇವರ ಬಾಯಿಂದ ಬಂದ ಹೆಸರು ಅದು. ಕಾರಿನ ಬಣ್ಣ ಮಾಸಿದ ಮೇಲೂ ಅದನ್ನು ನಂಬಿ ಬದುಕಬೇಕಾದವರು ಇವರೇ ಅಲ್ವಾ? ಹಾಗಾಗಿ ಇವತ್ತು ಈ ಕಂಪನಿಯ ಕಥೆಯನ್ನು ಅವರ ಕಡೆಯಿಂದ ನೋಡೋಣ ಅಂತ ಹೊರಟಿದ್ದೇನೆ.

ಕಥೆ ಶುರುವಾಗುವುದು ಮಗ್ಗದ ಮುಂದೆ. ಈ ಕಂಪನಿಯ ಮೂಲಪುರುಷ ಸಾಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಜಪಾನಿನ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ಊರಿನ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದರು. ಹುಡುಗ ಅದನ್ನೇ ನೋಡುತ್ತ ಬೆಳೆದ. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಜೀವನವಿಡೀ ಮಗ್ಗವೇ. 1924ರಲ್ಲಿ ‘ಜಿ ಮಾದರಿ’ ಎಂಬ ಸ್ವಯಂಚಾಲಿತ ಮಗ್ಗ ತಯಾರಾಯಿತು. ಅದರಲ್ಲಿ ಎರಡು ವಿಶೇಷ ಇದ್ದವು. ಲಾಳಿಯ ನೂಲು ಮುಗಿಯುತ್ತ ಬಂದಾಗ ಮಗ್ಗ ನಿಲ್ಲದೆಯೇ ಹೊಸ ಲಾಳಿ ತಾನಾಗಿ ಬಂದು ಸೇರುತ್ತಿತ್ತು. ಇನ್ನೊಂದು, ಹಾಸಿನ ಒಂದೇ ಒಂದು ಎಳೆ ತುಂಡಾದರೂ ಇಡೀ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ಈ ಎರಡನೆಯದೇ ದೊಡ್ಡದು. ಎಳೆ ತುಂಡಾಗಿದ್ದು ಗೊತ್ತಾಗದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು. ದೊಡ್ಡಬಳ್ಳಾಪುರದಲ್ಲೋ ಇಳಕಲ್ಲಿನಲ್ಲೋ ನೇಯ್ಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗವೇ ನಿಂತು ತಪ್ಪು ತೋರಿಸಿದರೆ, ಕಾಯುತ್ತ ಕೂರಲು ಮಗ್ಗಕ್ಕೊಬ್ಬ ಆಳು ಬೇಡ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು. ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ 1 ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಜವಳಿ ಯಂತ್ರಗಳಿಗೆ ಜಗತ್ತಿನಲ್ಲೇ ಹೆಸರಾದ ಕಂಪನಿ ಅದು. ಅಂಥವರು ಜಪಾನಿನ ಬಡಗಿಯ ಮಗನಿಂದ ಮಗ್ಗದ ಹಕ್ಕು ಕೊಂಡರು ಅನ್ನುವುದು ಆಗ ಸಣ್ಣ ಸುದ್ದಿಯಲ್ಲ. ಮರುವರ್ಷ ಸಾಕಿಚಿ ತೀರಿಕೊಂಡರು.

ಮಗ ಕೀಚಿರೊಗೆ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಮೊದಲ ಲಾರಿ ಬಂತು. ಟೊಯೊಟಾ ಅಂದರೆ ಕೆಡದ ಗಾಡಿ ಅಂತ ನಂಬಿದವರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಆ ಲಾರಿ ಕಂಡಕಂಡಲ್ಲಿ ಕೆಟ್ಟು ನಿಲ್ಲುತ್ತಿತ್ತು. ಜನರಿಗೆ ತೋರಿಸಲೆಂದು ಟೋಕಿಯೋಗೆ ಹೊರಟ ಲಾರಿಗೇ ದಾರಿಯಲ್ಲಿ ಸ್ಟೀರಿಂಗ್ ಭಾಗ ಮುರಿಯಿತು. ಮಾರಾಟ ನೋಡಿಕೊಳ್ಳುತ್ತಿದ್ದವರು ಶೊಟಾರೊ ಕಮಿಯಾ, ಅಮೆರಿಕದ ಜನರಲ್ ಮೋಟಾರ್ಸಿನ ಜಪಾನ್ ಶಾಖೆ ಬಿಟ್ಟು ಬಂದವರು. ಕೆಟ್ಟ ಲಾರಿ ಇದ್ದಲ್ಲಿಗೇ ಹೋಗಿ ರಿಪೇರಿ ಮಾಡಿಕೊಡುವುದನ್ನು ಕಂಪನಿ ತನ್ನ ಮೇಲೆ ಹಾಕಿಕೊಂಡಿತು. ಒಳ್ಳೇ ಗಾಡಿ ಮಾಡುವುದಕ್ಕಿಂತ ಮುಂಚೆ ಈ ಕಂಪನಿ ಕಲಿತದ್ದು ಕೆಟ್ಟ ಗಾಡಿಯ ಹಿಂದೆ ಓಡುವುದನ್ನು. 1936ರಲ್ಲಿ ಎಎ ಎಂಬ ಕಾರು ಬಂತು, 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಬೇರೆಯಾಗಿ ನಿಂತಿತು.

ಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ಯಾರ ಕೈಯಲ್ಲೂ ಕಾಸಿಲ್ಲ. 1950ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂತು. ಜನರನ್ನು ಕೆಲಸದಿಂದ ತೆಗೆಯಬೇಕಾಯಿತು, ದೊಡ್ಡ ಮುಷ್ಕರ ನಡೆಯಿತು. ಕೀಚಿರೊ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಶುರು. ಅಮೆರಿಕದ ಸೇನೆ ಲಾರಿಗಳಿಗೆ ಆರ್ಡರ್ ಕೊಟ್ಟಿತು, ಕಂಪನಿ ಉಳಿಯಿತು. ಟೊಯೊಟಾ ಶಿಸ್ತಿನ ಬಗ್ಗೆ ಉಪನ್ಯಾಸ ಮಾಡುವವರು ಈ ಅದೃಷ್ಟದ ಮಾತು ಸಾಮಾನ್ಯವಾಗಿ ಎತ್ತುವುದಿಲ್ಲ. ಕೀಚಿರೊ 1952ರಲ್ಲಿ ತೀರಿಕೊಂಡರು. ಒಳ್ಳೆಯ ದಿನ ನೋಡಲಿಲ್ಲ.

ಆದರೆ ಶಿಸ್ತೂ ಸುಳ್ಳಲ್ಲ. ತೈಚಿ ಓನೊ ಎಂಬ ಎಂಜಿನಿಯರ್ ಟೊಯೊಡಾ ಮನೆತನದ ಜವಳಿ ಗಿರಣಿಯಿಂದ ಕಾರಿನ ಕಡೆಗೆ ಬಂದವರು. ಎಳೆ ತುಂಡಾದರೆ ನಿಲ್ಲುವ ಮಗ್ಗವನ್ನು ಅವರು ಹತ್ತಿರದಿಂದ ಕಂಡಿದ್ದರು. ಅದನ್ನೇ ಕಾರಿನ ಕಾರ್ಖಾನೆಗೂ ತಂದರು. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಬಾಗಿಲು ಒಂದು ಕೂದಲೆಳೆ ಆಚೆ ಬಂತು ಅನ್ನಿಸಿದರೆ ಅಲ್ಲಿರುವ ಕೆಲಸಗಾರ ಹಗ್ಗ ಎಳೆಯಬೇಕು. ಮೇಲೆ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕಾರು ಮುಂದಿನ ಜಾಗಕ್ಕೆ ಹೋಗುವಷ್ಟರಲ್ಲಿ ಸರಿಯಾದರೆ ಸರಿ. ಇಲ್ಲದಿದ್ದರೆ ಸಾಲೇ ನಿಲ್ಲುತ್ತದೆ. ಕಾರ್ಖಾನೆ ಒಂದು ನಿಮಿಷ ನಿಂತರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕುವ ಕಾಲದಲ್ಲಿ, ನಿಲ್ಲಿಸುವ ಅಧಿಕಾರವನ್ನು ಸಾಲಿನಲ್ಲಿ ನಿಂತವನ ಕೈಗೇ ಕೊಟ್ಟರು.

ಅಮೆರಿಕಕ್ಕೆ 1957ರಲ್ಲಿ ಕ್ರೌನ್ ಕಾರು ತಗೊಂಡು ಹೋದರು, ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಏದುಸಿರು ಬಿಟ್ಟಿತು. ಕೆಲವೇ ವರ್ಷದಲ್ಲಿ ಅದರ ಮಾರಾಟ ನಿಲ್ಲಿಸಿದರು. 1966ರಲ್ಲಿ ಬಂದ ಕೊರೊಲ್ಲಾ ಎಲ್ಲ ಲೆಕ್ಕ ಚುಕ್ತಾ ಮಾಡಿತು. 2021ರ ಹೊತ್ತಿಗೆ ಆ ಹೆಸರಿನಲ್ಲಿ ಮಾರಾಟವಾದ ಕಾರು 5 ಕೋಟಿ ದಾಟಿತ್ತು. ಹೈಲಕ್ಸ್ ಪಿಕಪ್ ಎಷ್ಟು ಗಟ್ಟಿ ಅನ್ನುವುದಕ್ಕೆ ಆಫ್ರಿಕಾದ ಚಾಡ್ ದೇಶವನ್ನು ಕೇಳಬೇಕು. 1987ರಲ್ಲಿ ಲಿಬಿಯಾದ ಟ್ಯಾಂಕುಗಳ ಎದುರು ಅವರು ಟೊಯೊಟಾ ಪಿಕಪ್‌ಗಳಲ್ಲೇ ಯುದ್ಧ ಮಾಡಿದರು. ಆ ಕದನಕ್ಕೆ ‘ಟೊಯೊಟಾ ಯುದ್ಧ’ ಅಂತಲೇ ಹೆಸರು ಬಿತ್ತು. ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರಿಗಂತೂ ಟೊಯೊಟಾ ಹೊಸದಲ್ಲ. ಇಲ್ಲಿ ಕ್ವಾಲಿಸ್ ಬರುವ ಮುಂಚೆಯೇ ಅವರು ಮರಳುಗಾಡಿನ ಬಿಸಿಲಿನಲ್ಲಿ ಈ ಗಾಡಿಗಳನ್ನು ಓಡಿಸಿ ಬಂದಿದ್ದರು.

ಕರ್ನಾಟಕಕ್ಕೆ ಮೊದಲು ಬಂದದ್ದು ಕೂಡ ಜವಳಿಯ ಕೆಲಸವೇ. ಹರಿಹರದ ಲೇತ್ ಕಾರ್ಖಾನೆಯಿಂದ ನಮಗೆ ಗೊತ್ತಿರುವ ಕಿರ್ಲೋಸ್ಕರ್ ಮನೆತನದ ಜೊತೆ ಸೇರಿ, 1995ರಲ್ಲಿ ಬೆಂಗಳೂರಿನ ಹೊರಗೆ ಜವಳಿ ಯಂತ್ರ ತಯಾರಿಸುವ ಕಂಪನಿ ಶುರುಮಾಡಿದರು. ಕಾರಿನ ಕಂಪನಿ 1997ರಲ್ಲಿ. ವಿಕ್ರಮ್ ಕಿರ್ಲೋಸ್ಕರ್ ಅದರ ಮುಂದಾಳು. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು, 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗೆ ಬಂತು.

ನೋಡಿದವರು ಮುಖ ಸಿಂಡರಿಸಿದ್ದೂ ಉಂಟು. ಇಂಡೋನೇಷ್ಯಾದಲ್ಲಿ ಹಳತಾಗಿದ್ದ ಕಿಜಾಂಗ್ ಗಾಡಿಯನ್ನೇ ಹೊಸ ಹೆಸರಲ್ಲಿ ತಂದಿದ್ದರು. ಡಬ್ಬಿಯ ಆಕಾರ, ವೇಗ ಹಿಡಿಯುವುದು ಅಷ್ಟಕ್ಕಷ್ಟೇ. ಆದರೆ ಬೆಂಗಳೂರಿನಲ್ಲಿ ಆಗ ಕಾಲ್ ಸೆಂಟರ್‌ಗಳು ತಲೆಯೆತ್ತುತ್ತಿದ್ದವು. ರಾತ್ರಿಯಿಡೀ ಜನರನ್ನು ಕರೆತಂದು ಬಿಡುವ ಗಾಡಿ ಬೇಕಿತ್ತು. ಒಬ್ಬ ಡ್ರೈವರ್ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ, ಎಂಜಿನ್ ತಣ್ಣಗಾಗಲು ಬಿಡುವೇ ಇಲ್ಲ. ಕ್ವಾಲಿಸ್‌ಗೆ ಹೆಸರು ಬಂದದ್ದು ಆ ರಾತ್ರಿ ಪಾಳಿಗಳಲ್ಲಿ. ಚೆನ್ನಾಗಿ ಓಡುತ್ತಿದ್ದ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಾಗ ಇದ್ಯಾಕಪ್ಪಾ ಅಂದವರೇ ಜಾಸ್ತಿ. ಎರಡು ವರ್ಷದಲ್ಲಿ ಆ ಬಾಯಿ ಮುಚ್ಚಿತು. ಧರ್ಮಸ್ಥಳದ ದಾರಿ, ಶಬರಿಮಲೆಯ ದಾರಿ, ವಿಧಾನಸೌಧದ ಆವರಣ, ಎಲ್ಲ ಕಡೆ ಅದೇ ಬಿಳಿ ಗಾಡಿ.

ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಹಳೇ ಇನ್ನೋವಾ ಕೊಳ್ಳುವವರು ಅವರನ್ನು ಕರೆದುಕೊಂಡು ಹೋಗುತ್ತಾರೆ. ಅವರದು ಒಂದೇ ಕಟ್ಟುನಿಟ್ಟು, ಬೆಳಿಗ್ಗೆ ಬೇಗ ಹೋಗಬೇಕು, ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಗಾಡಿ ಮುಟ್ಟದೆ ವಾಪಸ್ ಬರುತ್ತಾರೆ. “ಮೀಟರ್ ನೋಡಬೇಡಿ ಸಾರ್, ಅದನ್ನ ಹೆಂಗೆ ಬೇಕೋ ಹಂಗೆ ತಿರುಗಿಸ್ತಾರೆ. ಕ್ಲಚ್ ಪೆಡಲ್ ರಬ್ಬರ್ ನೋಡಿ” ಅನ್ನುತ್ತಾರೆ. ಮೀಟರ್ ತೊಂಬತ್ತು ಸಾವಿರ ಅಂತಿದ್ದು ರಬ್ಬರ್ ನುಣ್ಣಗಾಗಿದ್ದರೆ ಆ ಗಾಡಿ ಯಾವುದೋ ಟ್ರಾವೆಲ್ಸ್‌ನಲ್ಲಿ ದುಡಿದು ಬಂದಿದೆ ಅಂತ ಅರ್ಥ. ಸೀಟ್ ಬೆಲ್ಟ್ ಪೂರ್ತಿ ಎಳೆದು ಅದರ ಬುಡದ ಚೀಟಿಯಲ್ಲಿ ತಯಾರಾದ ವರ್ಷ ಓದುತ್ತಾರೆ. ಅದು ಆರ್‌ಸಿ ವರ್ಷಕ್ಕಿಂತ ಈಚಿನದಾಗಿದ್ದರೆ ಎಲ್ಲೋ ಅಪಘಾತವಾಗಿರಬಹುದು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ ಅದೇ ತೂತಿನ ಮೇಲೆ ಬೋರಲು ಇಡುತ್ತಾರೆ. ಕ್ಯಾಪ್ ಸುಮ್ನೆ ಸಣ್ಣಗೆ ನಡುಗುತ್ತಿದ್ದರೆ ಚಿಂತೆಯಿಲ್ಲ. ಹಾರಿ ಪಕ್ಕಕ್ಕೆ ಬಿದ್ದರೆ ಬ್ಯಾಕ್ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ಸೋರಿ ಮೇಲೆ ಬರುತ್ತಿದೆ, ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಬೇಕು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳದೆ ಮಾತು ಮುಗಿಸುವುದಿಲ್ಲ. ಹಳೇ ಡೀಸೆಲ್ ಇನ್ನೋವಾದಲ್ಲಿ ಆ ಬೆಲ್ಟ್ ತುಂಡಾದರೆ ಎಂಜಿನ್ನಿನ ಒಳಗಿನ ಸಾಮಾನೇ ಒಂದಕ್ಕೊಂದು ಬಡಿದುಕೊಳ್ಳುತ್ತದೆ. ಗಟ್ಟಿ ಗಾಡಿ ಅಂತ ಇದನ್ನು ಮರೆತವರೇ ಹೆಚ್ಚು ಕಳೆದುಕೊಂಡವರು.

ದೂರುಗಳಿಲ್ಲ ಅಂತಲ್ಲ. ಹಳೇ ಇನ್ನೋವಾ ನಿಂತಲ್ಲೇ ಗೇರ್ ಲಿವರ್ ಅಲ್ಲಾಡುತ್ತಿರುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರನ್ನು ಕೇಳಿ, ಇದೆಂಥ ಆರಾಮದ ಗಾಡಿ ಅಂತ ಬೈಯುತ್ತಾರೆ. 2010ರ ಕೊನೆಗೆ ಬಂದ ಎಟಿಯೋಸ್ ಒಳಗೆ ಕೂತರೆ ಬಡಕಲು ಅನ್ನಿಸುತ್ತಿತ್ತು. ಮೀಟರನ್ನು ಡ್ಯಾಶ್‌ಬೋರ್ಡಿನ ನಡುವೆ ಇಟ್ಟದ್ದು ಎಷ್ಟೋ ಜನಕ್ಕೆ ಹಿಡಿಸಲಿಲ್ಲ. ಮನೆಯವರು ಬೇಡವೆಂದರು, ಟ್ಯಾಕ್ಸಿಯವರು ಎತ್ತಿಕೊಂಡರು. ಆದರೆ 2016ರಲ್ಲಿ ಡಿಕ್ಕಿ ಹೊಡೆಸಿ ಸುರಕ್ಷತೆ ಪರೀಕ್ಷೆ ಮಾಡಿದಾಗ ಅದಕ್ಕೆ 4 ಸ್ಟಾರ್ ಬಂತು. ಟ್ಯಾಕ್ಸಿಯಲ್ಲಿ ಹಿಂದೆ ಕೂತು ಹೋಗುತ್ತಿದ್ದ ನಮಗೆ ಅದು ಗೊತ್ತೂ ಇರಲಿಲ್ಲ.

ಹಗ್ಗ ಎಳೆಯಬೇಕಾದಾಗ ಎಳೆಯದೆ ಇದ್ದ ಕಾಲವೂ ಬಂತು. 2009 ಮತ್ತು 2010ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿ ವೇಗ ಪಡೆಯುತ್ತವೆ ಎಂಬ ದೂರು ಎದ್ದಿತು. ಕಾಲಡಿಯ ಮ್ಯಾಟ್ ಜಾರಿ ಪೆಡಲಿಗೆ ಸಿಕ್ಕಿಕೊಳ್ಳುವುದು, ಪೆಡಲೇ ಅಂಟಿಕೊಳ್ಳುವುದು, ಹೀಗೆ ಕಾರಣ ಪತ್ತೆಯಾಗಿ ಲಕ್ಷಾಂತರ ಗಾಡಿ ವಾಪಸ್ ಕರೆಸಬೇಕಾಯಿತು. ಸಾಕಿಚಿಯ ಮರಿಮಗ ಅಕಿಯೊ ಟೊಯೊಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಕ್ಷಮೆ ಕೇಳಿದರು, ಕಂಪನಿ ಬೆಳೆದ ವೇಗ ಜಾಸ್ತಿಯಾಯಿತು ಅಂತ ಒಪ್ಪಿಕೊಂಡರು. ಎಲೆಕ್ಟ್ರಾನಿಕ್ಸಿನಲ್ಲಿ ದೋಷವಿಲ್ಲವೆಂದು ನಾಸಾ ತಜ್ಞರ ವರದಿ ಆಮೇಲೆ ಹೇಳಿತು, ನಿಜ. ಆದರೂ ಗ್ರಾಹಕರಿಂದ ವಿಷಯ ಮುಚ್ಚಿಟ್ಟಿದ್ದಕ್ಕೆ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಬೇಕಾಯಿತು.

2024ರ ಜನವರಿಯದು ನನಗೆ ಇದಕ್ಕಿಂತ ಬೇಸರ ತಂದ ಸುದ್ದಿ. ಡೀಸೆಲ್ ಎಂಜಿನ್ನುಗಳ ಶಕ್ತಿ ಪರೀಕ್ಷೆಯಲ್ಲಿ, ಮಾರುವ ಗಾಡಿಗಿಂತ ಬೇರೆ ಸಾಫ್ಟ್‌ವೇರ್ ಹಾಕಿ ಅಂಕಿಅಂಶ ನಯವಾಗಿ ಕಾಣುವಂತೆ ಮಾಡಿದ್ದು ಹೊರಬಿತ್ತು. ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಕಳಿಸುವುದು ಕೆಲವು ದಿನ ನಿಂತಿತು. ಹಾಗೆ ಮಾಡಿದ್ದು ಯಾರು ಗೊತ್ತೇ? ಟೊಯೊಟಾ ಇಂಡಸ್ಟ್ರೀಸ್. ಸಾಕಿಚಿ 1926ರಲ್ಲಿ ಕಟ್ಟಿದ ಅದೇ ಮಗ್ಗದ ಕಂಪನಿ. ನಮ್ಮ ಜಿಗಣಿಯಲ್ಲಿ 2016ರಿಂದ ಡೀಸೆಲ್ ಎಂಜಿನ್ ಮಾಡುವುದೂ ಅದೇ ಬಳಗ.

ಬಿಡದಿಯಲ್ಲೂ ಎಲ್ಲ ನಯವಾಗಿ ನಡೆದಿಲ್ಲ. 2020ರ ನವೆಂಬರಿನಲ್ಲಿ ಮುಷ್ಕರ, ಬೀಗಮುದ್ರೆ ಎರಡೂ ಆದವು, ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ಮಿತಿ ಮೀರಿದೆ ಅನ್ನುವುದು ಕಾರ್ಮಿಕರ ದೂರು. ಕಂಪನಿ ಅದನ್ನು ಒಪ್ಪಲಿಲ್ಲ. ನನಗನ್ನಿಸುವುದು ಇಷ್ಟು. ಬೋಲ್ಟ್ ಸಡಿಲವಾದಾಗ ಹಗ್ಗ ಎಳೆಯಬಹುದು ಅನ್ನುವ ಕಾರ್ಖಾನೆಯಲ್ಲಿ, ಮೈ ಸೋತಾಗ ಎಳೆಯಲು ಯಾವ ಹಗ್ಗ ಇದೆ ಅಂತ ಕೆಲಸಗಾರ ಕೇಳಿದರೆ ಅದು ಅತಿಯಾಸೆಯಲ್ಲ.

ಈಗ ಹೈಕ್ರಾಸ್ ಬಂದಿದೆ. 2022ರ ನವೆಂಬರಿನಲ್ಲಿ ಅನಾವರಣವಾಯಿತು, ಅದೇ ತಿಂಗಳ ಕೊನೆಯಲ್ಲಿ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು. ಹೆಸರು ಇನ್ನೋವಾ, ಒಳಗೆ ಎಲ್ಲ ಬೇರೆ. ಡೀಸೆಲ್ ಇಲ್ಲ, ಲಾರಿಯಂಥ ಚಾಸಿ ಇಲ್ಲ, ಹಿಂದಿನ ಚಕ್ರದ ಬದಲು ಮುಂದಿನ ಚಕ್ರಕ್ಕೆ ಎಳೆತ. ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರು. ಓಡಿಸಿದವರು ಮೈಲೇಜ್ ಕಂಡು ಹೊಗಳುತ್ತಾರೆ. ಟ್ರಾವೆಲ್ಸ್ ನಡೆಸುವವರು ಮಾತ್ರ ಡೀಸೆಲ್ ಕ್ರಿಸ್ಟಾ ಬಿಡಲು ತಯಾರಿರಲಿಲ್ಲ. 2023ರಲ್ಲಿ ಅದನ್ನು ಮತ್ತೆ ತರಲೇಬೇಕಾಯಿತು.

ಟೊಯೊಟಾದ ಪ್ರಿಯಸ್ 1997ರಲ್ಲೇ ಬಂದ ಹೈಬ್ರಿಡ್ ಕಾರು. ಹಲವು ದೇಶಗಳಲ್ಲಿ ಅದು ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದೆ. ಹಾಗಾಗಿ ಹೈಬ್ರಿಡ್ ಬಾಳಿಕೆ ಬರುತ್ತದೆಯೇ ಅನ್ನುವುದು ನನ್ನ ಅನುಮಾನವಲ್ಲ. ಬ್ಯಾಟರಿಗೆ ಇಲ್ಲಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಅಲ್ಲಿಗೆ ಮೊದಲ ಓನರಿಗೆ ನೆಮ್ಮದಿ. ಮೂರನೇ ಓನರ್ ಬರುವುದೇ ಅದು ಮುಗಿದ ಮೇಲೆ, 2031ರ ಆಚೆಗೆ. ಆಗ ಆಯಿಲ್ ಕ್ಯಾಪ್ ಬೋರಲಿಟ್ಟರೆ ಬ್ಯಾಟರಿಯ ಆಯಸ್ಸು ಗೊತ್ತಾಗುವುದಿಲ್ಲ. ಅದನ್ನು ಅಳೆಯುವ ಉಪಕರಣ, ಬಿಚ್ಚಿ ಸರಿಮಾಡುವ ತರಬೇತಿ, ಕೈಗೆಟಕುವ ಬೆಲೆಯ ಬಿಡಿಭಾಗ ಹಾಸನದ, ಸಿಂಧನೂರಿನ ಸಾಮಾನ್ಯ ಗ್ಯಾರೇಜಿಗೂ ಸಿಗಬೇಕು. ಕೊಡಬೇಕಾದವರು ಬಿಡದಿಯಲ್ಲೇ ಇದ್ದಾರೆ, ಇನ್ನೂ ಟೈಮೂ ಇದೆ. ಹೈಬ್ರಿಡ್ ಬುಕ್ ಮಾಡುವವರು ಶೋರೂಮಿನಲ್ಲಿ ಬಣ್ಣ ಯಾವುದು ಅಂತ ಕೇಳುವಾಗಲೇ ಇದನ್ನೂ ಒಂದು ಮಾತು ಕೇಳಿಬಿಡಿ.

ನಮಸ್ಕಾರ.