ಆಲ್ಬಂನಲ್ಲಿ ಕೇಳಿಸದ ಬೇಸ್, ವೇದಿಕೆಯಲ್ಲಿ ಗುಡುಗಿದಾಗ

ಕೇಳುಗರಿಗೆ ನಮಸ್ಕಾರ.

1988ರಲ್ಲಿ ಅಮೆರಿಕದಲ್ಲಿ ಒಂದು ಆಲ್ಬಂ ಬಂತು. 9 ಹಾಡು, 65 ನಿಮಿಷ. ನುಡಿಸಿದವರು ನಾಲ್ಕು ಜನ. ಆದರೆ ಎಷ್ಟೇ ಕಿವಿಗೊಟ್ಟು ಕೇಳಿದರೂ ನಮಗೆ ಸಿಗುವುದು ಮೂರೇ ಜನ. ನಾಲ್ಕನೆಯವರು ಜೇಸನ್ ನ್ಯೂಸ್ಟೆಡ್, ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರಗಳ ಗಿಟಾರ್ ನುಡಿಸಿದವರು. ಅವರ ಕೈ ಆಲ್ಬಂ ಉದ್ದಕ್ಕೂ ಓಡಾಡಿದೆ, ದನಿ ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಬ್ಯಾಂಡಿನ ಹೆಸರು ಮೆಟಾಲಿಕಾ. ಮೆಟಲ್ ಅನ್ನುವ ಬಿರುಸಿನ ರಾಕ್ ಸಂಗೀತ ಅವರದು. ಆಲ್ಬಂ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'. ಈ ಆಲ್ಬಂ ಹಿಡಿದುಕೊಂಡು ಅವರು ಲೋಕ ಸುತ್ತಲು ಹೊರಟರು. ಆ ಪ್ರವಾಸಕ್ಕೆ 'ಡ್ಯಾಮೇಜ್ಡ್ ಜಸ್ಟಿಸ್' ಅಂತ ಹೆಸರಿಟ್ಟರು. 1988ರ ಸೆಪ್ಟೆಂಬರ್‌ನಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಶುರುವಾಗಿ, 1989ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಮುಗಿಯಿತು. 200ಕ್ಕೂ ಹೆಚ್ಚು ಕಾರ್ಯಕ್ರಮ. ದೊಡ್ಡ ದೊಡ್ಡ ಒಳಾಂಗಣ ಕ್ರೀಡಾಂಗಣಗಳಲ್ಲಿ, ತಮ್ಮದೇ ಹೆಸರಿನ ಮೇಲೆ ಟಿಕೆಟ್ ಮಾರಿ ಅವರು ಮಾಡಿದ ಮೊದಲ ದೊಡ್ಡ ವಿಶ್ವ ಪ್ರವಾಸ ಅದು.

'ತಮ್ಮದೇ ಹೆಸರಿನ ಮೇಲೆ' ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಕ್ ಲೋಕದಲ್ಲಿ ದೊಡ್ಡ ಬ್ಯಾಂಡಿಗೆ ಮೊದಲು ಚಿಕ್ಕ ಬ್ಯಾಂಡ್ ನುಡಿಸುತ್ತದೆ. ಜನ ಇನ್ನೂ ಸೀಟು ಹುಡುಕುತ್ತಿರುತ್ತಾರೆ. ಸಮಯ ಕಮ್ಮಿ. ವೇದಿಕೆಯ ಹಿಂಭಾಗವೆಲ್ಲ ದೊಡ್ಡವರ ಸಾಮಾನಿನಿಂದ ತುಂಬಿರುತ್ತದೆ, ಮುಂದೆ ಉಳಿದ ಜಾಗದಲ್ಲೇ ಚಿಕ್ಕವರು ನಿಲ್ಲಬೇಕು. 1986ರಲ್ಲಿ ಮೆಟಾಲಿಕಾ ಹಾಗೆಯೇ ಗಾಯಕ ಓಝಿ ಆಸ್ಬೋರ್ನ್ ಅವರ ಪ್ರವಾಸದಲ್ಲಿ ಮೊದಲು ನುಡಿಸುವ ಬ್ಯಾಂಡಾಗಿ ಅಮೆರಿಕ ಸುತ್ತಿತ್ತು. ಬಂದವರು ಓಝಿಗಾಗಿ ಬಂದವರು. ಅವರಲ್ಲಿ ಸಾವಿರಾರು ಜನ ಮನೆಗೆ ಹೋಗುವಾಗ ಮೆಟಾಲಿಕಾ ಹೆಸರನ್ನೂ ನೆನಪಿಟ್ಟುಕೊಂಡು ಹೋದರು.

ಅದೇ ವರ್ಷ ಸೆಪ್ಟೆಂಬರ್ 27ರ ಬೆಳಗಿನ ಜಾವ, ಸ್ವೀಡನ್‌ನ ಹೆದ್ದಾರಿಯಲ್ಲಿ ಅವರ ಬಸ್ಸು ಮಗುಚಿತು. ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡರು. ವಯಸ್ಸು 24. ಬ್ಯಾಂಡಿನ ಉಳಿದವರಿಗೆ ಅವರು ಗೆಳೆಯ ಮಾತ್ರವಲ್ಲ, ಸ್ವರಜ್ಞಾನದಲ್ಲಿ ಗುರುವೂ ಆಗಿದ್ದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವರ ಜಾಗಕ್ಕೆ ಅರಿಝೋನಾದ ಬ್ಯಾಂಡೊಂದರಿಂದ ನ್ಯೂಸ್ಟೆಡ್ ಬಂದರು. ಅತ್ತು ಮುಗಿಸಲೂ ಬಿಡುವಿರಲಿಲ್ಲ. ಆ ದುಃಖ ಸಿಟ್ಟಾಗಿ ಹೊಸ ಹುಡುಗನ ಮೇಲೆ ಹೋಯಿತು. ಬ್ಯಾಂಡಿನವರೇ ಮುಂದೆ ಇದನ್ನು ಒಪ್ಪಿಕೊಂಡಿದ್ದಾರೆ.

ಆಲ್ಬಂನಲ್ಲಿ ಬೇಸ್ ಯಾಕೆ ಕೇಳಿಸುವುದಿಲ್ಲ ಅನ್ನುವುದಕ್ಕೆ ಅಭಿಮಾನಿಗಳು ಇವತ್ತಿಗೂ ಈ ಸಿಟ್ಟನ್ನೇ ಕಾರಣ ಕೊಡುತ್ತಾರೆ. ಅದು ಅರ್ಧ ನಿಜ ಅಂತ ನನಗನ್ನಿಸುತ್ತದೆ. ಮಿಕ್ಸಿಂಗ್, ಅಂದರೆ ಎಲ್ಲ ವಾದ್ಯಗಳ ದನಿಯನ್ನು ಏರಿಸಿ ಇಳಿಸಿ ಹದವಾಗಿ ಬೆರೆಸುವ ಕೆಲಸ, ಮಾಡಿದ ಸ್ಟೀವ್ ಥಾಂಪ್ಸನ್ ಹೇಳುವಂತೆ, ಡ್ರಮ್ಮರ್ ಲಾರ್ಸ್ ಉಲ್ರಿಕ್ ಬಂದು ಬೇಸ್ ಇಳಿಸಿ, ಇನ್ನೂ ಇಳಿಸಿ ಅಂದರಂತೆ. ಆದರೆ ಇನ್ನೆರಡು ಮಾತೂ ಇವೆ. ನ್ಯೂಸ್ಟೆಡ್ ನುಡಿಸಿದ್ದು ಬಹುತೇಕ ಗಿಟಾರ್ ನುಡಿಸಿದ್ದನ್ನೇ, ಸ್ವರಕ್ಕೆ ಸ್ವರ. ಹಾಗಾಗಿ ಗಿಟಾರಿನ ದಪ್ಪ ದನಿಯ ಅಡಿಯಲ್ಲಿ ಅದು ಮುಚ್ಚಿಹೋಯಿತು. ಎರಡನೆಯದು, ಮಿಕ್ಸಿಂಗ್ ನಡೆಯುವ ಹೊತ್ತಿಗೆ ಬ್ಯಾಂಡ್ ಊರಲ್ಲಿ ಕೂತಿರಲಿಲ್ಲ. 1988ರ ಬೇಸಿಗೆಯಲ್ಲಿ ವ್ಯಾನ್ ಹೇಲನ್, ಸ್ಕಾರ್ಪಿಯನ್ಸ್ ಮುಂತಾದ ಬ್ಯಾಂಡ್‌ಗಳ ಜೊತೆ ಕ್ರೀಡಾಂಗಣಗಳಲ್ಲಿ ನುಡಿಸುತ್ತಾ ಓಡಾಡುತ್ತಿತ್ತು. ನಡುನಡುವೆ ನ್ಯೂಯಾರ್ಕ್ ರಾಜ್ಯದ ಸ್ಟುಡಿಯೋಗೆ ಬಂದು ಕೇಳಿ ಹೋಗುತ್ತಿದ್ದರು. ದಿನಾ ಆ ಸದ್ದಿನ ನಡುವೆ ನಿಂತು ಬಂದವರ ಕಿವಿ ಸೋತಿರುತ್ತದೆ, ಅಲ್ವಾ? ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತಾವೇ ಹೇಳಿದ್ದಾರೆ, ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅದಕ್ಕೇ ತೀಕ್ಷ್ಣ ಸದ್ದನ್ನು ಏರಿಸುತ್ತಾ ಹೋದೆವು ಅಂತ. ಹಾಗೆ ತಯಾರಾದ ಆಲ್ಬಂ ಚೆಂಡೆ ಇದ್ದು ಮದ್ದಲೆ ಇಲ್ಲದ ಯಕ್ಷಗಾನದ ಹಾಗೆ. ಬಿರುಸು ಬೇಕಾದಷ್ಟಿದೆ, ಎದೆಗೆ ಬಂದು ಬಡಿಯುವ ದನಿ ಇಲ್ಲ.

ಪ್ರವಾಸ ಶುರುವಾದ ಮೇಲೆ ಈ ಕೊರತೆ ತುಂಬಿತು. ವೇದಿಕೆಯ ಮೇಲೆ ನ್ಯೂಸ್ಟೆಡ್ ಅವರ ದನಿಯನ್ನು ಯಾರೂ ಆಲ್ಬಂನಲ್ಲಿ ಇಳಿಸಿದಂತೆ ಇಳಿಸಲಿಲ್ಲ. ಬೇಸ್ ಹೊಡೆತ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗುತ್ತದೆ. ದೊಡ್ಡ ಸ್ಪೀಕರ್ ಎದುರು ನಿಂತವರಿಗೆ ಇದು ಗೊತ್ತು. 1989ರ ಆಗಸ್ಟ್ 29 ಮತ್ತು 30ರಂದು ಸಿಯಾಟಲ್‌ನಲ್ಲಿ ನಡೆದ ಕಾರ್ಯಕ್ರಮಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಾರೆ. ಅದರಲ್ಲಿ ನ್ಯೂಸ್ಟೆಡ್ ಅವರನ್ನು ನೋಡಬೇಕು. ಕಾಲು ಅಗಲಿಸಿ, ಬಾಗಿ, ತಲೆಯನ್ನು ಗಿರಗಿರ ಸುತ್ತಿಸುತ್ತಾರೆ. ಕೂದಲು ಮುಖ ಮುಚ್ಚಿದ್ದರೂ ಬೆರಳು ತಪ್ಪುವುದಿಲ್ಲ. ಹೆಟ್‌ಫೀಲ್ಡ್ ಒಂದು ಸಾಲು ಹಾಡಿದರೆ ಇವರು ಪಕ್ಕದ ಮೈಕಿಗೆ ಬಂದು ಗಂಟಲು ಬಿರಿಯುವಂತೆ ದನಿ ಸೇರಿಸುತ್ತಾರೆ. ನಡುವೆ ಅವರೊಬ್ಬರೇ ಬೇಸ್ ನುಡಿಸುವ ಭಾಗವೂ ಇತ್ತು. ಆಲ್ಬಂನಲ್ಲಿ ಕಳೆದುಹೋದ ಮನುಷ್ಯ ರಾತ್ರಿ ರಾತ್ರಿಯೂ ಸಾವಿರಾರು ಜನರ ಎದುರು ತನ್ನ ಜಾಗ ತಾನೇ ಗಳಿಸಿಕೊಂಡ. ಆ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಇನ್ನು ವೇದಿಕೆಯ ವಿಚಾರ. ಆಲ್ಬಂನ ಮುಖಪುಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಕಲ್ಲಿನ ಮೂರ್ತಿ ಇದೆ. ಮೈಗೆ ಹಗ್ಗ ಬಿಗಿದು ಎಳೆಯುತ್ತಿದ್ದಾರೆ, ತಕ್ಕಡಿಯಲ್ಲಿ ಡಾಲರ್ ನೋಟು ತುಂಬಿದೆ. ಆ ಮೂರ್ತಿಯನ್ನೇ ದೊಡ್ಡದಾಗಿ ಮಾಡಿ ವೇದಿಕೆಯ ಮೇಲೆ ನಿಲ್ಲಿಸಿದ್ದರು. ಆಲ್ಬಂನ ಹೆಸರಿನ ಹಾಡು ಮುಗಿಯುವ ಹೊತ್ತಿಗೆ ಅದು ತುಂಡು ತುಂಡಾಗಿ ಕುಸಿಯುತ್ತಿತ್ತು. ಮರುದಿನ ಬೇರೆ ಊರು. ಅಲ್ಲಿ ಮತ್ತೆ ಅದನ್ನು ಎತ್ತಿ ನಿಲ್ಲಿಸಬೇಕು, ರಾತ್ರಿ ಮತ್ತೆ ಬೀಳಿಸಬೇಕು. ಈ ಕೆಲಸ ಮಾಡಿದವರು ತೆರೆಮರೆಯ ಕೆಲಸಗಾರರು. ಲಾರಿಗಳಿಂದ ಇಳಿಸಿ, ಜೋಡಿಸಿ, ಬಿಚ್ಚಿ, ಮತ್ತೆ ಲಾರಿ ತುಂಬಿಸಿದವರು. ಯಾವ ಪ್ರವಾಸವೂ ಅವರಿಲ್ಲದೆ ಒಂದು ಊರು ದಾಟುವುದಿಲ್ಲ.

ಆ ರಾತ್ರಿಗಳ ಕಾರ್ಯಕ್ರಮದಲ್ಲಿ 'ಒನ್' ಅನ್ನುವ ಹಾಡು ಬರುತ್ತಿತ್ತು. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡು, ಯೋಚಿಸುವ ಮನಸ್ಸೊಂದೇ ಉಳಿದಿರುವ ಸೈನಿಕನ ಹಾಡು. ಮೊದಲು ಸಭಾಂಗಣ ಪೂರ್ತಿ ಕತ್ತಲು. ಗುಂಡಿನ ಸದ್ದು, ಬಾಂಬು ಸಿಡಿಯುವ ಸದ್ದು. ಅದು ನಿಂತ ಮೇಲೆ ಒಂದೇ ಒಂದು ಗಿಟಾರ್ ಮೆಲ್ಲಗೆ ಶುರುವಾಗುತ್ತದೆ. ಎಷ್ಟು ಮೃದು ಅಂದರೆ, ಮೆಟಲ್ ಅಂದರೆ ಬರೀ ಗಲಾಟೆ ಅಂದುಕೊಂಡವರು ಅಲ್ಲೇ ಸುಮ್ಮನಾಗಬೇಕು. ಹಾಡು ಅರ್ಧ ದಾಟಿದ ಮೇಲೆ ಲಾರ್ಸ್ ಎರಡೂ ಕಾಲಿನಿಂದ ಡ್ರಮ್ ಒದೆಯಲು ಶುರುಮಾಡುತ್ತಾರೆ. ಮೆಷಿನ್ ಗನ್ ಲಯ ಅದು. ಗಿಟಾರ್, ಬೇಸ್ ಎರಡೂ ಅದೇ ಲಯಕ್ಕೆ ಬಂದು ಬೀಳುತ್ತವೆ. ಆಗ ಹಾಡಿಗೆ ಮಾತೇ ಬೇಕಾಗುವುದಿಲ್ಲ. 1989ರ ಫೆಬ್ರುವರಿಯಲ್ಲಿ, ಪ್ರವಾಸದ ನಡುವೆಯೇ, ಇದನ್ನು ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ನುಡಿಸಿದರು. ಆ ಸಲ ಹಾರ್ಡ್ ರಾಕ್ ಮತ್ತು ಮೆಟಲ್ ಪ್ರಶಸ್ತಿ ಜೆತ್ರೋ ಟಲ್ ಬ್ಯಾಂಡಿಗೆ ಹೋಯಿತು. ಕೊಳಲು ನುಡಿಸುವ ನಾಯಕನಿದ್ದ ಬ್ಯಾಂಡ್ ಅದು. ಮೆಟಲ್ ಕೇಳುವವರಿಗೆ ಆ ನೋವು ಬಹಳ ಕಾಲ ಹೋಗಲಿಲ್ಲ. ಮರುವರ್ಷ ಇದೇ 'ಒನ್' ಹಾಡಿಗೆ ಗ್ರ್ಯಾಮಿ ಬಂತು.

ಪ್ರವಾಸ ಅವರಿಗೆ ಇನ್ನೊಂದು ಪಾಠ ಕಲಿಸಿತು. ಆಲ್ಬಂನ ಹೆಸರಿನ ಹಾಡು 10 ನಿಮಿಷಕ್ಕೆ ಹತ್ತಿರ ಇದೆ. ತಿರುವಿನ ಮೇಲೆ ತಿರುವು, ಲಯ ಬದಲಾಗುತ್ತಲೇ ಇರುತ್ತದೆ. ನುಡಿಸುವುದು ಬಲು ಕಷ್ಟ. ಸ್ಟುಡಿಯೋದಲ್ಲಿ ಕೂತು ಕಟ್ಟುವಾಗ ಅದು ಹೆಮ್ಮೆಯ ಹಾಡು. ಆದರೆ ವೇದಿಕೆಯಿಂದ ನೋಡಿದರೆ ಜನರ ಮುಖ ಕಾಣುತ್ತದಲ್ಲ! ಗಿಟಾರ್ ನುಡಿಸುವ ಕರ್ಕ್ ಹ್ಯಾಮೆಟ್ ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಎಂಟನೇ, ಒಂಬತ್ತನೇ ನಿಮಿಷಕ್ಕೆ ಮುಂದಿನ ಸಾಲಿನವರು ಆಕಳಿಸುತ್ತಿದ್ದರಂತೆ. ಒಂದು ರಾತ್ರಿ ವೇದಿಕೆಯಿಂದ ಕೆಳಗಿಳಿದು ಬಂದವರೇ, ಬ್ಯಾಂಡಿನವರಲ್ಲೊಬ್ಬರು ಇನ್ನು ಮುಂದೆ ಈ ಹಾಡು ನುಡಿಸುವುದಿಲ್ಲ ಅಂದರು. ಅದನ್ನು ಮತ್ತೆ ಪೂರ್ತಿ ವೇದಿಕೆಗೆ ತಂದದ್ದು 2007ರಲ್ಲಿ.

ಒಬ್ಬ ಕಲಾವಿದ ತಾನು ಇಷ್ಟಪಟ್ಟು ಕಟ್ಟಿದ್ದನ್ನು ಕೇಳುವವರ ಮುಖ ನೋಡಿ ಬಿಡುವುದು ಸುಮ್ನೆ ಆಗುವ ಮಾತಲ್ಲ. ಅವರು ಬಿಟ್ಟರು. ಜೊತೆಗೆ ಬಾಬ್ ರಾಕ್ ಅನ್ನುವ ನಿರ್ಮಾಪಕರು ಒಂದು ಮಾತು ಹೇಳಿದರು. ವೇದಿಕೆಯ ಮೇಲೆ ನಿಮ್ಮ ಸಂಗೀತಕ್ಕಿರುವ ಬಲ ನಿಮ್ಮ ರೆಕಾರ್ಡಿನಲ್ಲಿ ಇಲ್ಲ ಅಂತ. ಬೇರೆಯವರಾದರೆ ಸಿಟ್ಟಾಗುತ್ತಿದ್ದರೇನೋ. ಇವರು ಮುಂದಿನ ಆಲ್ಬಂ ಮಾಡಲು ಅವರನ್ನೇ ಕರೆದರು. 1991ರಲ್ಲಿ ಬಂದ ಆ ಆಲ್ಬಂಗೆ ಬ್ಯಾಂಡಿನ ಹೆಸರೇ ಹೆಸರು. ಕಪ್ಪು ಮುಖಪುಟ, ಅದಕ್ಕೇ ಎಲ್ಲರ ಬಾಯಲ್ಲಿ ಬ್ಲ್ಯಾಕ್ ಆಲ್ಬಂ. ಹಾಡುಗಳು ಚಿಕ್ಕವಾದವು. ಲಯ ನಿಧಾನವಾಯಿತು, ಭಾರವಾಯಿತು. ಬೇಸ್ ಸ್ಪಷ್ಟವಾಗಿ, ತುಂಬಿ ಬಂತು. ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಹಳೆಯ ಅಭಿಮಾನಿಗಳಲ್ಲಿ ಕೆಲವರು, ಇವರು ದುಡ್ಡಿಗಾಗಿ ಬದಲಾದರು ಅಂದರು, ಇವತ್ತಿಗೂ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಬದಲಾವಣೆಯ ಬೀಜ ಬಿದ್ದದ್ದು 200ಕ್ಕೂ ಹೆಚ್ಚು ರಾತ್ರಿ ಜನರ ಎದುರು ನಿಂತು ನುಡಿಸಿದಾಗ.

ಆ ಪ್ರವಾಸದಲ್ಲೇ ಅವರು ಆಸ್ಟ್ರೇಲಿಯಾ ಮತ್ತು ಬ್ರೆಜಿಲ್‌ಗೆ ಮೊದಲ ಸಲ ಹೋದದ್ದು. ಭಾರತದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಸರದಿ ಬಂದದ್ದು 2011ರ ಅಕ್ಟೋಬರ್ 30ಕ್ಕೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಎರಡು ದಿನ ಮೊದಲು ದೆಹಲಿ ಹತ್ತಿರದ ಗುರುಗ್ರಾಮದಲ್ಲಿ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಯಿತು. ಹಾಗಾಗಿ ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದ್ದು ನಮ್ಮೂರಲ್ಲೇ. ಅದಕ್ಕೂ ಮೊದಲು, 2007ರ ಮಾರ್ಚ್‌ನಲ್ಲಿ, ಇದೇ ಮೈದಾನಕ್ಕೆ ಐರನ್ ಮೇಡನ್ ಅನ್ನುವ ಇನ್ನೊಂದು ಮೆಟಲ್ ಬ್ಯಾಂಡ್ ಬಂದಿತ್ತು. ದೇಶದ ಮೂಲೆಮೂಲೆಯಿಂದ ಕಪ್ಪು ಟೀಶರ್ಟು ಹಾಕಿಕೊಂಡು ಹುಡುಗ ಹುಡುಗಿಯರು ಬಂದರು. 2011ರ ಆ ರಾತ್ರಿಯೂ 'ಒನ್' ನುಡಿಸಿದರು. ಬೇಸ್ ಹಿಡಿದವರು ಮಾತ್ರ ರಾಬರ್ಟ್ ಟ್ರುಹಿಯೊ. ನ್ಯೂಸ್ಟೆಡ್ 2001ರಲ್ಲೇ ಬ್ಯಾಂಡ್ ಬಿಟ್ಟಿದ್ದರು. 14 ವರ್ಷ ಜೊತೆಗಿದ್ದು ಹೋದರು.

2018ರಲ್ಲಿ 'ಜಸ್ಟಿಸ್' ಆಲ್ಬಂ ಹೊಸದಾಗಿ ಮತ್ತೆ ಬಿಡುಗಡೆಯಾಯಿತು. ಈಗಲಾದರೂ ಬೇಸ್ ಏರಿಸುತ್ತಾರೆ ಅಂತ ಜನ ಕಾದರು. ಏರಿಸಲಿಲ್ಲ. ಅದು ಆಗ ಹೇಗಿತ್ತೋ ಹಾಗೇ ಇರಲಿ ಅಂದರು. ಅದೂ ಸರಿಯೇ. ಆದರೆ ಸಿಯಾಟಲ್‌ನ ಆ ರೆಕಾರ್ಡಿಂಗ್ 1993ರಲ್ಲೇ ಹೊರಬಂದಿದೆ, ಇವತ್ತಿಗೂ ಸಿಗುತ್ತದೆ. ಹಾಗಾಗಿ ಕೇಳುಗರೇ, ಒಂದು ಕೆಲಸ ಮಾಡಿ. ಆಲ್ಬಂನಿಂದ ಮೊದಲ ಹಾಡು 'ಬ್ಲ್ಯಾಕನ್ಡ್' ಕೇಳಿ. ಆಮೇಲೆ ಸಿಯಾಟಲ್‌ನಲ್ಲಿ ನುಡಿಸಿದ ಅದೇ ಹಾಡು ಕೇಳಿ. ಫೋನಿನ ಪುಟ್ಟ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಬರುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಸದ್ದು ಜಾಸ್ತಿ ಇಡಬೇಡಿ, ಕಿವಿ ಜೋಪಾನ. ಜೇಸನ್ ನ್ಯೂಸ್ಟೆಡ್ ಎಲ್ಲಿದ್ದಾರೆ ಅಂತ ನಿಮಗೇ ಗೊತ್ತಾಗುತ್ತದೆ.

ನಮಸ್ಕಾರ.