ಈ ಆಬ್ಜೆಕ್ಟ್ ಎಷ್ಟು ಹೊತ್ತು ಬದುಕಿರುತ್ತದೆ? ಜಾವಾದಲ್ಲಿ ವೆಬ್ ಆ್ಯಪ್ ಕಟ್ಟುತ್ತಾ ಕಲಿತದ್ದು

ನಮಸ್ಕಾರ. ಕೆಲವು ವಾರಗಳಿಂದ ನಾನು ಜಾವಾದಲ್ಲಿ ಒಂದು ಸೀಟ್ ಬುಕಿಂಗ್ ಆ್ಯಪ್ ಕಟ್ಟುತ್ತಿದ್ದೇನೆ. ಒಂದು ಕಡೆ ಬ್ರೌಸರ್, ಇನ್ನೊಂದು ಕಡೆ ಸರ್ವರ್, ಅದರ ಹಿಂದೆ ಡೇಟಾಬೇಸ್. ಕ್ಲಾಸ್, ಇಂಟರ್‌ಫೇಸ್, ಇನ್‌ಹೆರಿಟೆನ್ಸ್ ಎಲ್ಲ ಮೊದಲೇ ಗೊತ್ತಿತ್ತು. ಆದರೆ ವೆಬ್‌ಗೆ ಬಂದ ಮೇಲೆ ಪ್ರತಿ ಕ್ಲಾಸ್ ಬರೆಯುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಆಬ್ಜೆಕ್ಟ್ ಎಲ್ಲಿರುತ್ತದೆ? ಎಷ್ಟು ಹೊತ್ತು ಇರುತ್ತದೆ? ಕಲಿಯುವವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸ್ಕ್ರೀನ್ ನೋಡಿ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿದ್ದೇನೆ. 'ಬುಕ್ ಮಾಡಿ' ಬಟನ್ ಒತ್ತಿದೆ. ಸರ್ವರ್‌ಗೆ ಹೋಗಿದ್ದು ಏನು? ಮೇಲೆ ಒಂದಿಷ್ಟು ಹೆಡರ್ (ರಿಕ್ವೆಸ್ಟ್ ಬಗೆಗಿನ ವಿವರ), ಕೆಳಗೆ ಜೇಸನ್, ಅಂದರೆ ಡೇಟಾವನ್ನು ಅಕ್ಷರಗಳಲ್ಲಿ ಬರೆಯುವ ಒಂದು ರೂಪ. ಬರೀ ಅಕ್ಷರಗಳು. ಇದರಲ್ಲಿ ಕ್ಲಾಸೂ ಇಲ್ಲ, ಮೆಥಡ್ಡೂ ಇಲ್ಲ. ಸರ್ವರ್ ಈ ಅಕ್ಷರಗಳನ್ನು ಓದಿ ತನ್ನ ಕಡೆ ಹೊಸದಾಗಿ ಒಂದು ಆಬ್ಜೆಕ್ಟ್ ಮಾಡಿಕೊಳ್ಳುತ್ತದೆ. ದಾರಿಯಲ್ಲಿ ಈ ಅಕ್ಷರಗಳನ್ನು ಬಳಕೆದಾರರೇ ತಿದ್ದಿ ಕಳಿಸಬಹುದು, ಅಲ್ವಾ? ಅದಕ್ಕೇ ಜೇಸನ್‌ನಿಂದ ನಾನು ಸೀಟ್ ನಂಬರ್ ಮಾತ್ರ ತೆಗೆದುಕೊಳ್ಳುತ್ತೇನೆ. ದರವನ್ನು ಡೇಟಾಬೇಸ್‌ನಿಂದಲೇ ಓದುತ್ತೇನೆ.

ಉತ್ತರ ಕಳಿಸಿದ ಮೇಲೆ ಆ ಆಬ್ಜೆಕ್ಟ್‌ನ ಕೆಲಸ ಮುಗಿಯಿತು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ಹಿಂದಿನ ರಿಕ್ವೆಸ್ಟ್‌ನ ನೆನಪಿರುವುದಿಲ್ಲ. ಆ ಕೊರತೆ ತುಂಬಲು 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಕುಕಿ ತಂದರು. ಸರ್ವರ್ ಕೊಟ್ಟ ಈ ಸಣ್ಣ ಗುರುತನ್ನು ಬ್ರೌಸರ್ ಇಟ್ಟುಕೊಂಡು ಮುಂದಿನ ರಿಕ್ವೆಸ್ಟ್‌ಗಳ ಜೊತೆ ವಾಪಸ್ ಕಳಿಸುತ್ತದೆ. ಇವತ್ತಿಗೂ ಲಾಗಿನ್ ಆದ ಮೇಲೆ ಸರ್ವರ್ ನಮ್ಮನ್ನು ಗುರುತಿಸುವುದು ಹೆಚ್ಚಾಗಿ ಅದರಿಂದಲೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ನಾನು ಬಳಸುವ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್‌ನಲ್ಲಿ ಬುಕಿಂಗ್ ಸರ್ವಿಸ್ ಅನ್ನುವ ಕ್ಲಾಸ್ ಬರೆದರೆ, ನಾವು ಬೇರೆ ಏನೂ ಹೇಳದಿದ್ದರೆ, ಆ್ಯಪ್‌ನಲ್ಲಿ ಅದರ ಆಬ್ಜೆಕ್ಟ್ ಒಂದೇ ಒಂದು ಇರುತ್ತದೆ. ಆ್ಯಪ್ ಶುರುವಾದಾಗ ಹುಟ್ಟಿ, ನಿಲ್ಲುವವರೆಗೂ ಇರುತ್ತದೆ. ರಿಕ್ವೆಸ್ಟ್‌ಗೆ ಉತ್ತರ ಕೊಡುವ ಹಳೆಯ ಜಾವಾ ಕ್ಲಾಸ್‌ಗಳಾದ ಸರ್ವ್ಲೆಟ್‌ಗಳದೂ ಸಾಮಾನ್ಯವಾಗಿ ಒಂದೊಂದೇ ಆಬ್ಜೆಕ್ಟ್. ಆದರೆ ರಿಕ್ವೆಸ್ಟ್‌ಗಳು ಬೇರೆ ಬೇರೆ ಥ್ರೆಡ್‌ಗಳಲ್ಲಿ, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಸಾಗುವ ಕೆಲಸದ ಸಾಲುಗಳಲ್ಲಿ, ಓಡುತ್ತವೆ. ಆ್ಯಪ್ ಓಡಿಸುವ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ಡಿಫಾಲ್ಟ್ ಮಿತಿ 200 ಥ್ರೆಡ್. ಅಂದರೆ ಆ ಒಂದೇ ಆಬ್ಜೆಕ್ಟ್ ಒಳಗೆ ಒಂದೇ ಕ್ಷಣದಲ್ಲಿ 200 ಥ್ರೆಡ್‌ಗಳು ಇರಬಹುದು.

ಇಲ್ಲಿ ಸ್ವಲ್ಪ ನಿಲ್ಲಿ. ಆಬ್ಜೆಕ್ಟ್ ಅಂದರೆ ಡೇಟಾ ಮತ್ತು ಮೆಥಡ್ ಒಟ್ಟಿಗೆ ಇರುವುದು ಅಂತ ನಾವೆಲ್ಲ ಕಲಿತಿರುತ್ತೇವೆ. ಆ ಪಾಠದ ಪ್ರಕಾರ ಈ ಕ್ಲಾಸ್‌ನಲ್ಲಿ 'ಈಗಿನ ಬಳಕೆದಾರ' ಅಂತ ಒಂದು ಫೀಲ್ಡ್ ಇಡುವುದು ಸಹಜ ಅನ್ನಿಸುತ್ತದೆ. ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಸರಿಯಾಗಿಯೇ ಓಡುತ್ತದೆ. ಇಬ್ಬರು ಒಟ್ಟಿಗೆ ಬಂದರೆ ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಹೆಸರು ಕೂರುತ್ತದೆ, ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾಗಿ ರಿಕ್ವೆಸ್ಟ್‌ಗೆ ಸೇರಿದ್ದು ಮೆಥಡ್‌ನ ಪ್ಯಾರಾಮೀಟರ್ ಆಗಿ ಬರಬೇಕು, ಲೋಕಲ್ ವೇರಿಯಬಲ್ ಆಗಿ ಉಳಿಯಬೇಕು. ಫೀಲ್ಡ್‌ನಲ್ಲಿ ಇರಬೇಕಾದ್ದು ರೆಪಾಸಿಟರಿ (ಡೇಟಾಬೇಸ್ ಜೊತೆ ಮಾತಾಡುವ ಆಬ್ಜೆಕ್ಟ್), ಪೇಮೆಂಟ್ ಇಂಟರ್‌ಫೇಸ್ ಥರದವು. ಅವುಗಳನ್ನು ಕನ್‌ಸ್ಟ್ರಕ್ಟರ್‌ನಲ್ಲಿ ತೆಗೆದುಕೊಂಡು ಫೈನಲ್ ಮಾಡಿಬಿಡಿ. ಟೆಸ್ಟ್ ಬರೆಯುವಾಗ ನಿಜವಾದ ಪೇಮೆಂಟ್ ಬದಲು ಒಂದು ನಕಲಿ ಕ್ಲಾಸ್ ಕೊಡಬಹುದು. ಇಂಟರ್‌ಫೇಸ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ನಡುವೆ ಒಂದು ಮಾತು. ಹಳೆಯ ಉದಾಹರಣೆಗಳಲ್ಲಿ ಇಂಪೋರ್ಟ್ ಸಾಲು 'ಜಾವಾಎಕ್ಸ್' ಅಂತ ಶುರುವಾಗಿದ್ದರೆ ಗಾಬರಿಯಾಗಬೇಡಿ. ಸರ್ವರ್ ಕಡೆಯ ಜಾವಾ ಆ್ಯಪ್‌ಗಳಿಗೆ ಬೇಕಾದ ಮಾನದಂಡಗಳ ಗುಂಪಾಗಿ 1999ರಲ್ಲಿ ಜೆ2ಇಇ ಹೆಸರಿನಲ್ಲಿ ಬಂದದ್ದೇ ಈಗಿನ ಜಕಾರ್ತಾ ಇಇ. 2020ರ 9ನೇ ಆವೃತ್ತಿಯಲ್ಲಿ ಅದರ ಪ್ಯಾಕೇಜ್‌ಗಳ ಹೆಸರೂ 'ಜಕಾರ್ತಾ' ಆಯಿತು. ಸ್ಪ್ರಿಂಗ್ ಬೂಟ್ 3ರಿಂದ ಬೇಕಾಗಿರುವುದು ಹೊಸ ಹೆಸರು.

ಸರಿ, ಫೀಲ್ಡ್‌ಗಳನ್ನು ತೆಗೆದಿದ್ದಾಯಿತು. ಆದರೂ ಇಬ್ಬರು ಒಂದೇ ಸೀಟ್ ಒತ್ತಿದರೆ? ಎರಡೂ ಥ್ರೆಡ್ ಡೇಟಾಬೇಸ್ ಓದುತ್ತವೆ, ಎರಡಕ್ಕೂ ಸೀಟ್ ಖಾಲಿ ಕಾಣುತ್ತದೆ, ಎರಡೂ ಬರೆಯುತ್ತವೆ. ಇದಕ್ಕೆ ಸೀಟ್ ಟೇಬಲ್‌ನಲ್ಲಿ ವರ್ಷನ್ ಅಂತ ಒಂದು ಕಾಲಂ ಇಟ್ಟಿದ್ದೇನೆ. ಇಬ್ಬರೂ ಓದಿದಾಗ ವರ್ಷನ್ 7 ಅಂದುಕೊಳ್ಳಿ. 'ವರ್ಷನ್ ಇನ್ನೂ 7 ಇದ್ದರೆ ಮಾತ್ರ ಬರೆ, ಬರೆದು 8 ಮಾಡು' ಅನ್ನುತ್ತದೆ ಅಪ್‌ಡೇಟ್. ಮೊದಲನೆಯದು ಗೆಲ್ಲುತ್ತದೆ. ಎರಡನೆಯದಕ್ಕೆ ಹೊಂದುವ ಸಾಲೇ ಸಿಗುವುದಿಲ್ಲ, ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಬರೆದುಕೊಡುವ ಲೈಬ್ರರಿ ಹೈಬರ್ನೇಟ್ ಎಕ್ಸೆಪ್ಷನ್ ಎಸೆಯುತ್ತದೆ. ಅದನ್ನು ಹಾಗೇ ಬಿಟ್ಟರೆ ಬ್ರೌಸರ್‌ಗೆ 500 ಅನ್ನುವ ಎಚ್‌ಟಿಟಿಪಿ ಸ್ಟೇಟಸ್ ಕೋಡ್ ಹೋಗುತ್ತದೆ, ಸರ್ವರ್‌ನಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ. ಇಲ್ಲಿ ಏನೂ ಕೆಟ್ಟಿಲ್ಲ. ಹಾಗಾಗಿ ನಾನು ಅದನ್ನು ಹಿಡಿದು 409 ಕಳಿಸುತ್ತೇನೆ, ಅಂದರೆ ಈಗಿನ ಸ್ಥಿತಿಯೊಂದಿಗೆ ಘರ್ಷಣೆಯಾಯಿತು ಅಂತ.

ಟೆಸ್ಟ್ ಓಡಿಸೋಣ. ಎರಡು ಥ್ರೆಡ್, ಒಂದೇ ಸೀಟ್. ಈ ಟೆಸ್ಟ್ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅನೋಟೇಶನ್ (ಟೆಸ್ಟ್ ಮಾಡಿದ ಬದಲಾವಣೆಗಳನ್ನು ಕೊನೆಗೆ ರದ್ದು ಮಾಡುವ ಗುರುತು) ಹಾಕಿಲ್ಲ, ಗಮನಿಸಿ. ಹಾಕಿದರೆ ಟೆಸ್ಟ್ ಸೇರಿಸಿದ ಸೀಟ್ ಕಮಿಟ್ ಆಗುವುದಿಲ್ಲ, ಅಂದರೆ ಡೇಟಾಬೇಸ್‌ನಲ್ಲಿ ಕಾಯಂ ಆಗುವುದಿಲ್ಲ, ಉಳಿದ ಥ್ರೆಡ್‌ಗಳಿಗೆ ಅದು ಕಾಣುವುದೇ ಇಲ್ಲ. ಬಂತು ನೋಡಿ: ಒಂದು 201 (ಬುಕಿಂಗ್ ಆಯಿತು), ಒಂದು 409.

409 ಬಂದಾಗ ಸರ್ವರ್ ತಾನಾಗಿ ಮತ್ತೆ ಪ್ರಯತ್ನ ಮಾಡುವ ಹಾಗೆ ಬರೆಯಬಹುದಿತ್ತು. ಬೇಡ ಅಂತ ತೀರ್ಮಾನ ಮಾಡಿದೆ. ಆ ಸೀಟ್ ಹೋಗಿಬಿಟ್ಟಿದೆ, ಬೇರೆ ಯಾವ ಸೀಟ್ ಬೇಕು ಅಂತ ಹೇಳಬೇಕಾದವರು ಬ್ರೌಸರ್ ಮುಂದೆ ಕೂತಿದ್ದಾರೆ. ಅವರಿಗೆ ಈಗಿನ ಖಾಲಿ ಸೀಟ್‌ಗಳ ಪಟ್ಟಿಯನ್ನು ಆ ಉತ್ತರದಲ್ಲೇ ಕಳಿಸುತ್ತಿದ್ದೇನೆ.